ತಂಬೂರಿಯ ತಂತಿ ಬದಲಿಸುವವರು ಯಾರು?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆಗಾಲ ಕಂಡವರಿಗೆ ತುಕ್ಕಿನ ಕತೆ ಹೇಳಬೇಕಾಗಿಲ್ಲ. ಕತ್ತಿಗೂ ಹಿಡಿಯುತ್ತದೆ, ಬಾಗಿಲ ಚಿಲಕಕ್ಕೂ ಹಿಡಿಯುತ್ತದೆ. ತಂಬೂರಿಯ ಉಕ್ಕಿನ ತಂತಿಯನ್ನೂ ಅದು ಬಿಡುವುದಿಲ್ಲ. ತುಕ್ಕು ಹಿಡಿದ ತಂತಿಯ ನಾದ ಮಂಕು. ಬದಲಿಸಲೇಬೇಕು. ಆದರೆ ಬದಲಿಸುವವರು ಯಾರು?

ತಂಬೂರಿ ನಮ್ಮ ಕಡೆ ಬಂದ ದಾರಿಯನ್ನು ಮೊದಲು ನೋಡೋಣ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಬಿಟ್ಟು ಮುಂಬೈ ಪ್ರಾಂತ್ಯಕ್ಕೆ ಸೇರಿತು. 1956ರ ತನಕ ಮುಂಬೈ ಜೊತೆಗೇ ಇತ್ತು. ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ-ಧಾರವಾಡ ಹತ್ತಿರ. ಅಲ್ಲಿಯದು ಹಿಂದುಸ್ತಾನಿ ಸಂಗೀತ. ಯಲ್ಲಾಪುರ ತಾಲೂಕಿನ ಹಾಸಣಗಿಯ ಗಣಪತಿ ಭಟ್ಟರು ಬಸವರಾಜ ರಾಜಗುರುಗಳ ಶಿಷ್ಯರಾದದ್ದು ಇದೇ ನಂಟಿನ ಮುಂದುವರಿಕೆ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ರೇಡಿಯೋದಲ್ಲಿ ಹಾಡುವವರಿಗೆ ತಂಬೂರಿಯೇ ಗತಿ.

ತಂಬೂರಿಗೆ ಹೆಸರಾದ ಊರು ಮೀರಜ್. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು 19ನೇ ಶತಮಾನದಲ್ಲಿ ವಾದ್ಯ ತಯಾರಿಕೆಗೆ ಇಳಿದದ್ದು ಅಲ್ಲಿ. ಮೀರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಆದರೆ ಒಂದು ತಂತಿ ಹೋಯಿತೆಂದು ಶಿರಸಿಯಿಂದ ಮೀರಜಿಗೆ ಹೋಗಲಾದೀತೇ? ಹಾಡುವವರೇ ಆ ಕೆಲಸ ಕಲಿಯಬೇಕು.

ಕೆಲಸ ದೊಡ್ಡದಲ್ಲ, ಆದರೆ ನಾಜೂಕು. ನಾಲ್ಕನ್ನೂ ಒಟ್ಟಿಗೆ ಬಿಚ್ಚಬಾರದು. ಒಂದೊಂದೇ ಬದಲಿಸಿದರೆ ಉಳಿದ ಮೂರು ತಂತಿ ಹೊಸದಕ್ಕೆ ಶ್ರುತಿ ತೋರಿಸುತ್ತವೆ. ಬುರುಡೆಯ ಬುಡದಲ್ಲಿ ತಂತಿ ಸಿಕ್ಕಿಸಿ, ಮಣಿ ಪೋಣಿಸಿ, ಕುದುರೆಯ ಮೇಲೆ ಹಾಯಿಸಿ, ಬಿರಡೆಗೆ ಸುತ್ತಬೇಕು. ಬಿರಡೆ ಜಾರಿದರೆ ಸೀಮೆಸುಣ್ಣ ಹಚ್ಚಬೇಕು. ನಡುವಿನ ಜೋಡಿ ಉಕ್ಕಿನದು, ಕೊನೆಯ ಖರ್ಜ ಹಿತ್ತಾಳೆಯದು. ಕಡೆಗೆ ಕುದುರೆಯ ಮೇಲೆ, ತಂತಿಯ ಅಡಿಗೆ ನೂಲೆಳೆ ಇಟ್ಟು, ಕೂದಲೆಳೆಯಷ್ಟು ಸರಿಸುತ್ತಾ ಜವಾರಿ ಹುಡುಕಬೇಕು. ಒಂದು ಜಾಗದಲ್ಲಿ ತಂತಿ ತಟ್ಟನೆ ತೆರೆದುಕೊಂಡು ಝೇಂಕರಿಸುತ್ತದೆ. ಆ ಜಾಗ ತೋರಿಸುವುದು ಕಿವಿ ಮಾತ್ರ. ಹೊಸ ತಂತಿ ಒಂದೆರಡು ದಿನ ಹಿಗ್ಗುತ್ತಲೇ ಇರುತ್ತದೆ. ಮತ್ತೆ ಮತ್ತೆ ಶ್ರುತಿ ಮಾಡಬೇಕು.

1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತಂದರು. ಈಗ ಅದು ಮೊಬೈಲಿಗೇ ಬಂದಿದೆ. ಬಸ್ಸಿನಲ್ಲಿ ಒಯ್ಯಬಹುದು, ಮಳೆಗಾಲದ ಚಿಂತೆಯಿಲ್ಲ. ಹಳ್ಳಿಯಲ್ಲಿ ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಅದರಿಂದಾದ ಉಪಕಾರ ಸಣ್ಣದಲ್ಲ. ಆದರೆ ಅದು ಶ್ರುತಿಯನ್ನು ಸಿದ್ಧಮಾಡಿ ಕೊಡುತ್ತದೆ. ತಂತಿ ಹಾಗಲ್ಲ, ನಮ್ಮಿಂದಲೇ ಶ್ರುತಿ ಮಾಡಿಸಿಕೊಳ್ಳುತ್ತದೆ. ಎರಡು ಷಡ್ಜಗಳ ನಡುವಿನ ಸಣ್ಣ ಅಲುಗಾಟ ಕೇಳಿಸಿ, ಬಿರಡೆ ತಿರುಗಿಸಿ, ಅದು ನಿಂತದ್ದೂ ಕೇಳಿಸಬೇಕು. ತಂತಿ ಬದಲಿಸುವ ಕೆಲಸದೊಳಗೇ ಸಂಗೀತದ ಪಾಠವೊಂದು ಸೇರಿತ್ತು.

ನಿಮ್ಮ ಮನೆಯ ಅಟ್ಟದಲ್ಲಿ ತಂಬೂರಿಯಿದ್ದರೆ ಈ ಸಲ ಮಳೆ ಬಿಟ್ಟ ಮೇಲೆ ಕೆಳಗಿಳಿಸಿ. ತಂತಿ ಅಂಗಡಿಯಲ್ಲಿ ಸಿಗುತ್ತದೆ. ನೂಲೆಳೆ ಎಲ್ಲಿಡಬೇಕೆಂದು ಬಲ್ಲವರು ಊರಲ್ಲಿ ಇನ್ನೂ ಒಬ್ಬರಿದ್ದರೆ, ಅವರ ಪಕ್ಕ ಕೂತು ಕಲಿಯಿರಿ.