ರಾಗಿ ಹಗೇವು, ಸಂಬಳದ ಸುಗ್ಗಿ
2020ರ ಮಾರ್ಚ್ 24ರ ರಾತ್ರಿ 8ಕ್ಕೆ 21 ದಿನಗಳ ಲಾಕ್‌ಡೌನ್ ಘೋಷಣೆಯಾಯ್ತು. ದಿನಸಿ ಅಂಗಡಿಗೆ ಜನ ಮುಗಿಬಿದ್ದದ್ದು ನೆನಪಿದ್ಯಾ? ನಾನೀಗ ಹೇಳೋದು ಅದಕ್ಕಿಂತ ಹಳೇ ಕಥೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತ ಮೊದಲು ರಾಗಿ ಹೊಲಗಳಿದ್ದವು. ಹಳೇ ಮೈಸೂರು ಸೀಮೆಯ ರೈತರು ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಅದೇ ಹಗೇವು. ರಾಗಿಗೆ ಹುಳು ಬೀಳೋದು ಕಡಿಮೆ, ವರ್ಷಗಟ್ಟಲೆ ಉಳೀತಿತ್ತು. ತುಂಬಿಸೋದು ಸುಗ್ಗಿಯಲ್ಲಿ, ಬರ ಬಂದಾಗ ತೆಗೆಯೋದಷ್ಟೇ.

ಪೀಣ್ಯದ ಬಾಡಿಗೆ ರೂಮಲ್ಲಿ ಗುಂಡಿ ತೋಡೋಕಾಗಲ್ಲ. ಆದ್ರೆ ಸಂಬಳದ ದಿನವೇ ನಮ್ಮ ಸುಗ್ಗಿ. ತಿಂಗಳಿಗೊಂದು ಕೆಜಿ ಅಕ್ಕಿ, ಅರ್ಧ ಕೆಜಿ ಬೇಳೆ ಹೆಚ್ಚಿಗೆ ತನ್ನಿ. ಹಳೇದನ್ನ ಮೊದಲು ಬಳಸಿ. ಒಂದೇ ದಿನ ಮೂಟೆಗಟ್ಟಲೆ ಹೊತ್ತು ತಂದ್ರೆ, ಸಂಜೆ ಕೂಲಿ ಹಿಡ್ಕೊಂಡು ಬರೋರಿಗೆ ಅಂಗಡಿಯಲ್ಲಿ ಏನೂ ಉಳಿದಿರಲ್ಲ.