ಪನ್ನೀರಿನ ಕೆನೆಯಲ್ಲಿ ಸಿಕ್ಕ ಗುಲಾಬಿ ಅತ್ತರು

ಮದುವೆ ಮನೆಯ ಬಾಗಿಲಲ್ಲಿ ಬೆಳ್ಳಿಯ ದಾನಿಯಿಂದ ಪನ್ನೀರು ಚಿಮುಕಿಸಿ ಅತಿಥಿಗಳನ್ನು ಬರಮಾಡಿಕೊಳ್ಳುವ ಪದ್ಧತಿ ನಮ್ಮ ನಾಡಿಗೆ ಹೊಸದೇನಲ್ಲ. ದರ್ಗಾಗಳ ಉರುಸಿನಲ್ಲೂ ಪನ್ನೀರು ಇರಲೇಬೇಕು. ಆದರೆ ಪನ್ನೀರು ಬೇರೆ, ಅತ್ತರು ಬೇರೆ. ಗುಲಾಬಿಯನ್ನು ಬಟ್ಟಿ ಇಳಿಸಿದಾಗ ದೊರೆಯುವ ಸುಗಂಧದ ನೀರು ಪನ್ನೀರು. ಆ ನೀರಿನ ಮೇಲೆ ಕೆನೆಯಂತೆ ತೇಲುವ ಒಂದಿಷ್ಟೇ ಎಣ್ಣೆ ಗುಲಾಬಿಯ ನಿಜವಾದ ಸಾರ. ಒಂದು ಕಿಲೋ ಎಣ್ಣೆ ತೆಗೆಯಲು ಮೂರರಿಂದ ನಾಲ್ಕು ಸಾವಿರ ಕಿಲೋ ಹೂವು ಬೇಕು ಎಂದರೆ ಅದರ ಬೆಲೆ ಬಂಗಾರದೊಡನೆ ಪೈಪೋಟಿಗೆ ಇಳಿಯುವುದೇಕೆ ಎಂಬುದು ತಿಳಿದೀತು.

ಈ ಎಣ್ಣೆಯನ್ನು ಕಂಡುಹಿಡಿದವಳು ನೂರ್ ಜಹಾನ್ ಎಂದು ಎಷ್ಟೋ ಪುಸ್ತಕಗಳು ಹೇಳುತ್ತವೆ. ಅರಮನೆಯ ಕಾಲುವೆಯಲ್ಲಿ ಪನ್ನೀರು ಹರಿಸಿದ್ದರು, ಬಿಸಿಲಿಗೆ ಅದರ ಮೇಲೆ ಎಣ್ಣೆಯ ಪದರ ಕಟ್ಟಿತು, ರಾಣಿ ಅದನ್ನು ಕಂಡಳು ಎಂಬುದು ಕತೆ. ಕತೆ ಸೊಗಸಾಗಿದೆ. ಆದರೆ ಸ್ವತಃ ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಈ ಶ್ರೇಯಸ್ಸನ್ನು ಹೆಂಡತಿಗಲ್ಲ, ಅತ್ತೆಗೆ ಕೊಟ್ಟಿದ್ದಾನೆ. ನೂರ್ ಜಹಾನಳ ತಾಯಿ ಅಸ್ಮತ್ ಬೇಗಂ ಪನ್ನೀರು ತಯಾರಿಸುವಾಗ, ಬಿಸಿ ಪನ್ನೀರನ್ನು ಸುರಿದ ಪಾತ್ರೆಗಳ ಮೇಲ್ಭಾಗದಲ್ಲಿ ಜಿಡ್ಡಿನಂತಹ ಪದರ ಕಟ್ಟುವುದನ್ನು ಗಮನಿಸಿ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟಳಂತೆ. ಒಂದು ಹನಿಯನ್ನು ಅಂಗೈಗೆ ಉಜ್ಜಿದರೆ ಇಡೀ ಸಭೆ ಘಮಘಮಿಸುತ್ತಿತ್ತು ಎಂದು ಚಕ್ರವರ್ತಿ ಬರೆದಿದ್ದಾನೆ. ಅತ್ತೆಗೆ ಮುತ್ತಿನ ಹಾರದ ಕೊಡುಗೆ ದೊರೆಯಿತು. ಅಕ್ಬರನ ಪತ್ನಿ ಸಲೀಮಾ ಸುಲ್ತಾನ್ ಬೇಗಂ ಈ ಎಣ್ಣೆಗೆ ‘ಇತ್ರ್-ಎ-ಜಹಾಂಗೀರಿ’ ಎಂದು ಹೆಸರಿಟ್ಟಳು. ಅತ್ತೆಯ ಹೆಸರು ಮರೆಯಾಗಿ ಮಗಳ ಹೆಸರು ಉಳಿದದ್ದು ಜನಪ್ರಿಯ ಇತಿಹಾಸದ ಹಳೆಯ ಚಾಳಿ.

ಜಗತ್ತಿನಲ್ಲೇ ಮೊದಲ ಗುಲಾಬಿ ಎಣ್ಣೆ ಇದು ಎಂದು ಮಾತ್ರ ಹೇಳಲಾಗದು. ಪನ್ನೀರಿನ ಮೇಲೆ ತೇಲುವ ಎಣ್ಣೆಯ ಪ್ರಸ್ತಾಪ 16ನೇ ಶತಮಾನದ ಯುರೋಪಿನ ವೈದ್ಯಗ್ರಂಥಗಳಲ್ಲೂ ಇದೆ. ಬಟ್ಟಿ ಇಳಿಸುವ ವಿದ್ಯೆಯಂತೂ ಅರಬ್ಬರಿಗೂ ಪರ್ಷಿಯನ್ನರಿಗೂ ಬಹು ಹಿಂದೆಯೇ ಗೊತ್ತಿತ್ತು. ನಮ್ಮಲ್ಲಿ ಹೂವಿನ ಪರಿಮಳವನ್ನು ಹಿಡಿಯುವ ದಾರಿ ಬೇರೆಯಿತ್ತು: ಎಳ್ಳಿನ ಮೇಲೆ ಹೂ, ಹೂವಿನ ಮೇಲೆ ಎಳ್ಳು ಪದರ ಪದರವಾಗಿ ಹರಡಿ, ಹೂ ಬಾಡಿದಂತೆ ಬದಲಿಸುತ್ತ ಹೋಗಿ, ಕೊನೆಗೆ ಆ ಎಳ್ಳನ್ನು ಗಾಣಕ್ಕೆ ಹಾಕುವುದು. ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಕೂಡ ರಾಜನ ಸ್ನಾನ, ಲೇಪನಗಳ ಸುಗಂಧವನ್ನು ಬಿಡದೆ ವರ್ಣಿಸುತ್ತದೆ.

ಇಂದು ಅತ್ತರು ಎಂದೊಡನೆ ನೆನಪಾಗುವ ಊರು ಉತ್ತರ ಪ್ರದೇಶದ ಕನೌಜ್. ಏಳನೇ ಶತಮಾನದಲ್ಲಿ ಹರ್ಷವರ್ಧನನ ರಾಜಧಾನಿಯಾಗಿದ್ದ ಈ ಊರಿನ ಕುಶಲಕರ್ಮಿಗಳು ಬಳಸುವ ಸಲಕರಣೆ ನೋಡಲು ಬಹಳ ಸರಳ. ‘ದೇಗ್’ ಎಂಬ ತಾಮ್ರದ ದೊಡ್ಡ ಹಂಡೆಗೆ ಹೂ, ನೀರು ತುಂಬಿ ಮುಚ್ಚಳವನ್ನು ಜೇಡಿಮಣ್ಣು, ಹತ್ತಿಯಿಂದ ಮೆತ್ತುತ್ತಾರೆ. ಕೆಳಗೆ ಸೌದೆ, ಬೆರಣಿಯ ಉರಿ. ಹುರಿ ಸುತ್ತಿದ ಬಿದಿರಿನ ಕೊಳವೆಯ ಮೂಲಕ ಹಬೆಯು ‘ಭಪ್ಕಾ’ ಎಂಬ ಉದ್ದ ಕತ್ತಿನ ತಾಮ್ರದ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆ ತಣ್ಣೀರಿನ ತೊಟ್ಟಿಯಲ್ಲಿ ಕುಳಿತಿರುತ್ತದೆ. ಅದರೊಳಗೆ ಮೊದಲೇ ಶ್ರೀಗಂಧದ ಎಣ್ಣೆ ಹಾಕಿರುತ್ತಾರೆ. ಹಬೆಯೊಡನೆ ಬಂದ ಪರಿಮಳವನ್ನು ಅದು ಹೀರಿಕೊಳ್ಳುತ್ತದೆ. ಮರುದಿನ ನೀರನ್ನು ಬೇರ್ಪಡಿಸಿ ಮತ್ತೆ ಹಂಡೆಗೇ ಸುರಿದು ಹೊಸ ಹೂ ಹಾಕುತ್ತಾರೆ. ಗಂಧದೆಣ್ಣೆ ಸಾಕೆನ್ನುವಷ್ಟು ಪರಿಮಳ ಕುಡಿಯುವವರೆಗೆ ಹೀಗೆ ದಿನಗಟ್ಟಲೆ ನಡೆಯುತ್ತದೆ. ಉರಿ ಹೆಚ್ಚಾಯಿತೇ, ಪಾತ್ರೆ ತುಂಬಿತೇ ಎಂಬುದನ್ನು ತಿಳಿಯಲು ಮಾಪಕವಿಲ್ಲ. ಕೈಮುಟ್ಟಿ ನೋಡುವ ಅನುಭವಿ ಕೆಲಸಗಾರನೇ ಮಾಪಕ. ಕೊನೆಗೆ ತೇವ ಆರಲೆಂದು ಅತ್ತರನ್ನು ಒಂಟೆ ಚರ್ಮದ ‘ಕುಪ್ಪಿ’ಗಳಲ್ಲಿ ಇಡುವ ಪದ್ಧತಿಯಿದೆ. ಗಂಧದೆಣ್ಣೆ ಬೆರೆಸದ ಶುದ್ಧ ಗುಲಾಬಿ ಎಣ್ಣೆಗೆ ‘ರೂಹ್’, ಅಂದರೆ ಆತ್ಮ, ಎಂದು ಹೆಸರು.

ಹೂ ಕೀಳುವುದು ನಸುಕಿನಲ್ಲೇ. ಬಿಸಿಲೇರಿದಂತೆ ದಳಗಳಲ್ಲಿನ ಎಣ್ಣೆ ಇಳಿಯುತ್ತದೆ.

ಹಿಂದೆ ಈ ಉದ್ಯಮದ ಇನ್ನೊಂದು ಕೇಂದ್ರ ಗಂಗಾತೀರದ ಗಾಜಿಪುರ. 1824ರಲ್ಲಿ ಅಲ್ಲಿಗೆ ಬಂದಿದ್ದ ಬಿಷಪ್ ಹೀಬರ್, ಒಂದು ರೂಪಾಯಿ ತೂಕದ ಎಣ್ಣೆಗೆ ಎರಡು ಲಕ್ಷ ಗುಲಾಬಿ ಬೇಕು ಎಂದು ದಾಖಲಿಸಿದ್ದಾನೆ. (ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ಕಾರ್ನ್‌ವಾಲಿಸ್ 1805ರಲ್ಲಿ ತೀರಿಕೊಂಡದ್ದು ಇದೇ ಗಾಜಿಪುರದಲ್ಲಿ; ಗೋರಿಯೂ ಅಲ್ಲೇ ಇದೆ.)

ಇಷ್ಟು ದುಬಾರಿ ವಸ್ತು ಇದ್ದಲ್ಲಿ ಕಲಬೆರಕೆ ಇರದೆ ಹೋದೀತೆ? 19ನೇ ಶತಮಾನದಲ್ಲಿ ಗುಲಾಬಿ ಎಣ್ಣೆಗೆ ಹೆಸರಾಗಿದ್ದದ್ದು ಆಗ ತುರ್ಕರ ಆಳ್ವಿಕೆಯಲ್ಲಿದ್ದ ಬಲ್ಗೇರಿಯದ ಕಜಾನ್ಲಕ್ ಕಣಿವೆ. ಅಲ್ಲಿನ ಎಣ್ಣೆಗೆ ಬೆರಕೆಯಾಗುತ್ತಿದ್ದದ್ದು ನಮ್ಮದೇ ರೋಶಾ ಹುಲ್ಲಿನ ಎಣ್ಣೆ! ಮುಂಬಯಿಯಿಂದ ಹಡಗೇರಿ ಕೆಂಪು ಸಮುದ್ರದ ಬಂದರುಗಳ ಮೂಲಕ ಅದು ಕಾನ್‌ಸ್ಟಾಂಟಿನೋಪಲ್ ಸೇರುತ್ತಿತ್ತು. ಯುರೋಪಿನ ವ್ಯಾಪಾರಿಗಳು ಅದನ್ನು ತುರ್ಕಿಯದೇ ಸರಕೆಂದು ತಿಳಿದು ‘ಟರ್ಕಿಷ್ ಜೆರೇನಿಯಂ ಎಣ್ಣೆ’ ಎಂದು ಕರೆದರು. ಗುಲಾಬಿಗೂ ಈ ಹುಲ್ಲಿಗೂ ಸಮಾನವಾದ ಜೆರಾನಿಯಾಲ್ ಎಂಬ ರಾಸಾಯನಿಕವೇ ಈ ಮೋಸಕ್ಕೆ ಆಧಾರ. ಶುದ್ಧ ಗುಲಾಬಿ ಎಣ್ಣೆಯಲ್ಲಿ ಮೇಣದಂತಹ ಅಂಶವಿರುವುದರಿಂದ ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಹಳೆಯ ಕಾಲದ ಪರೀಕ್ಷೆ ಇದೇ. ಅದನ್ನೂ ವಂಚಿಸಲು ಮೇಣ ಬೆರೆಸುವವರು ಹುಟ್ಟಿಕೊಂಡರು.

ಅತ್ತರಿನ ಉಪಯೋಗಗಳನ್ನು ಹೇಳುವಾಗ ಉತ್ಪ್ರೇಕ್ಷೆಯೇ ಹೆಚ್ಚು. ಯುನಾನಿ ವೈದ್ಯದಲ್ಲಿ ‘ಅರ್ಕ್-ಎ-ಗುಲಾಬ್’ಗೆ ಗೌರವದ ಸ್ಥಾನವಿದೆ, ಮಿಠಾಯಿ, ಶರಬತ್ತುಗಳಲ್ಲಿ ಪನ್ನೀರಿನ ಬಳಕೆ ಎಲ್ಲರೂ ಬಲ್ಲದ್ದು. ಗುಲಾಬಿ ಎಣ್ಣೆಯ ವಾಸನೆ ಮನಸ್ಸಿನ ಕಳವಳವನ್ನು ತುಸು ತಗ್ಗಿಸಬಹುದು ಎಂದು ಕೆಲವು ಸಣ್ಣ ಪ್ರಮಾಣದ ಅಧ್ಯಯನಗಳು ಸೂಚಿಸಿವೆ. ಪ್ರಯೋಗಾಲಯದಲ್ಲಿ ಕೆಲವು ಸೂಕ್ಷ್ಮಾಣುಗಳ ಬೆಳವಣಿಗೆಯನ್ನೂ ಅದು ತಡೆಯುತ್ತದೆ. ಹಾಗೆಂದು ಅದು ರೋಗ ವಾಸಿಮಾಡುವ ಮದ್ದಲ್ಲ. ಕಣ್ಣುರಿಗೆ ಅಂಗಡಿಯ ಪನ್ನೀರನ್ನು ಹಾಕಿಕೊಳ್ಳುವ ರೂಢಿಯಂತೂ ಬಿಡುವುದೇ ಲೇಸು. ಅದು ಕಣ್ಣಿಗೆಂದು ಶುದ್ಧೀಕರಿಸಿದ ನೀರಲ್ಲ, ಬಹಳ ಸಲ ಕೃತಕ ವಾಸನೆ ಬೆರೆಸಿದ ಬರೀ ನೀರು. ಇನ್ನು ಕನೌಜಿನ ಅತ್ತರಿಗೆ ದೊಡ್ಡ ಗಿರಾಕಿ ಯಾರು? ಹೊಗೆಸೊಪ್ಪು ಮತ್ತು ಪಾನ್ ಮಸಾಲಾ ಉದ್ಯಮ. ಮೊಘಲರ ಅಂತಃಪುರದ ಸುಗಂಧಕ್ಕೆ ಇದು ಹೆಮ್ಮೆಯ ಗತಿಯಲ್ಲ.

ಕೊಳ್ಳುವವರಿಗಿಂತಲೂ ಈ ಕಸುಬನ್ನು ಹೆಚ್ಚು ಕಾಡಿದ್ದು ಶ್ರೀಗಂಧದ ಕೊರತೆ. ಇಲ್ಲಿ ಕರ್ನಾಟಕದ ನಂಟು ನೇರವಾದುದು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮೈಸೂರಿನ ಗಂಧದ ಮರದಲ್ಲಿ ಹೆಚ್ಚಿನ ಪಾಲು ಹರಾಜಿನ ಮೂಲಕ ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರ ನಿಂತಾಗ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, ಎಣ್ಣೆಯನ್ನು ಇಲ್ಲೇ ತೆಗೆಯಲು 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಕಾರ್ಖಾನೆ ತೆರೆಯಲಾಯಿತು. ಕ್ರಮೇಣ ಕಳ್ಳಸಾಗಣೆ, ಕಾಡಿನ ನಾಶಗಳಿಂದ ಮರ ವಿರಳವಾಗಿ ಬೆಲೆ ಗಗನಕ್ಕೇರಿತು. 1998ರಲ್ಲಿ ಶ್ರೀಗಂಧವು ಅಪಾಯದ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನೂ ಸೇರಿತು. ಬೆಳೆಗಾರನಿಗೆ ತನ್ನ ಜಮೀನಿನ ಗಂಧದ ಮರದ ಮೇಲೆ ಹಕ್ಕು ದೊರೆತದ್ದು 2001ರ ಕಾನೂನು ತಿದ್ದುಪಡಿಯಿಂದ.

ಅಷ್ಟರಲ್ಲಿ ಕನೌಜಿನ ಹಲವು ಭಪ್ಕಾಗಳಲ್ಲಿ ಗಂಧದೆಣ್ಣೆಯ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್, ಡಿಒಪಿಯಂತಹ ಅಗ್ಗದ ದ್ರಾವಕಗಳು ಬಂದಿದ್ದವು. ಅವಕ್ಕೆ ಸ್ವಂತ ವಾಸನೆಯಿಲ್ಲ. ಗಂಧದೆಣ್ಣೆಯಾದರೋ ಹೂವಿನ ಪರಿಮಳ ಬೇಗ ಹಾರಿಹೋಗದಂತೆ ಹಿಡಿದಿಡುತ್ತಿತ್ತು. ಗುಲಾಬಿ ಕರಗಿದ ಮೇಲೂ ಬಟ್ಟೆಯಲ್ಲಿ ತಾನು ಉಳಿಯುತ್ತಿತ್ತು. ಹಳೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ರೇಷ್ಮೆ ಸೀರೆಯಿಂದ ಏಳುವ ಅತ್ತರಿನ ವಾಸನೆಯಲ್ಲಿ ಬಹುಪಾಲು ಮೈಸೂರು ಸೀಮೆಯ ಆ ಮರದ್ದೇ.