ಲೋಹದೊಳಗಿನ ಅದೃಶ್ಯ ಅತಿಥಿ



ಒಂದು ಕಾಲದಲ್ಲಿ ನಮ್ಮ ಮೈಸೂರಿನ ಮನೆಮನೆಗಳಲ್ಲಿ ಎಚ್.ಎಂ.ಟಿ. ಕೈಗಡಿಯಾರ ಇದ್ದೇ ಇರುತ್ತಿತ್ತು. ಅಂಥ ಗಡಿಯಾರಗಳನ್ನು ತಯಾರಿಸುತ್ತಿದ್ದ ತುಮಕೂರಿನ ಕಾರ್ಖಾನೆ ಮುಚ್ಚಿದ ಮೇಲೆ ಆ ನೆಲ ಇಸ್ರೋ ಸಂಸ್ಥೆಗೆ ಸೇರಿತು. ಈಗ ಅಲ್ಲಿರುವುದು ಟೈಟಾನಿಯಂ ಮಿಶ್ರಲೋಹದ ಇಂಧನ ತೊಟ್ಟಿಗಳನ್ನು ತಯಾರಿಸುವ ಘಟಕ. ಉಕ್ಕಿಗಿಂತ ಹಗುರ, ಆದರೂ ಅದಕ್ಕೆ ಸರಿಸಾಟಿಯಾದ ಬಲ, ತುಕ್ಕಿಗೆ ಜಗ್ಗದ ಗುಣ ಈ ಲೋಹದ್ದು. ಇಂಥ ಗಟ್ಟಿಗನಿಗೂ ಒಬ್ಬ ವೈರಿಯಿದ್ದಾನೆ. ಆತ ಮೂಲವಸ್ತುಗಳಲ್ಲೆಲ್ಲ ಅತ್ಯಂತ ಹಗುರವಾದ ಹೈಡ್ರೋಜನ್.

ಈ ವೈರವನ್ನು ಮೊದಲು ಗುರುತಿಸಿದ್ದು ಕಬ್ಬಿಣದಲ್ಲಿ. 1875ರಲ್ಲಿ ಇಂಗ್ಲೆಂಡಿನ ವಿಲಿಯಂ ಜಾನ್ಸನ್, ಆಮ್ಲದಲ್ಲಿ ಅದ್ದಿದ ಕಬ್ಬಿಣದ ತಂತಿ ಬಾಗಿಸಿದೊಡನೆ ಮುರಿಯುವುದನ್ನೂ, ಕೆಲಕಾಲ ಹಾಗೆಯೇ ಬಿಟ್ಟರೆ ಮತ್ತೆ ಮೊದಲಿನಂತಾಗುವುದನ್ನೂ ಕಂಡು ರಾಯಲ್ ಸೊಸೈಟಿಗೆ ವರದಿ ಮಾಡಿದರು. ಟೈಟಾನಿಯಂ ಆಗಿನ್ನೂ ಪ್ರಯೋಗಶಾಲೆಯ ಕುತೂಹಲವಷ್ಟೇ ಆಗಿತ್ತು. 1795ರಲ್ಲಿ ಕ್ಲಾಪ್ರೋಟ್ ಗ್ರೀಕ್ ಪುರಾಣದ ಟೈಟನ್ನರ ಹೆಸರನ್ನು ಅದಕ್ಕೆ ಇಟ್ಟಿದ್ದರೂ, ಕ್ರೋಲ್ ಎಂಬ ವಿಜ್ಞಾನಿಯ ವಿಧಾನದಿಂದ ಅದು ಹೇರಳವಾಗಿ ದೊರೆತದ್ದು 1940ರ ದಶಕದ ನಂತರ. 1950ರ ದಶಕದಲ್ಲಿ ವಿಮಾನಗಳಿಗೆ ಅದನ್ನು ಬಳಸತೊಡಗಿದಾಗ ಹಳೆಯ ವೈರಿ ಇಲ್ಲಿಯೂ ಎದುರಾದ.

ಕಾದ ಟೈಟಾನಿಯಂ ಹೈಡ್ರೋಜನ್ನನ್ನು ಧಾರಾಳವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ತಣಿದಾಗ ಅದರ ಆಲ್ಫಾ ಎಂಬ ಹರಳು ರಚನೆಯಲ್ಲಿ ಅಷ್ಟಕ್ಕೆ ಜಾಗವಿರುವುದಿಲ್ಲ. ಮಿಕ್ಕ ಹೈಡ್ರೋಜನ್ ಲೋಹದೊಡನೆ ಕೂಡಿ ಹೈಡ್ರೈಡ್ ಎಂಬ ಪೆಡಸಾದ ತೆಳು ಹಲ್ಲೆಗಳಾಗುತ್ತದೆ. ಹೈಡ್ರೈಡಿಗೆ ಮೂಲ ಲೋಹಕ್ಕಿಂತ ಸುಮಾರು ಆರನೇ ಒಂದು ಪಾಲು ಹೆಚ್ಚು ಜಾಗ ಬೇಕು. ಹಳೆಯ ಗೋಡೆಯ ಸಂದಿನಲ್ಲಿ ಬೇರೂರಿದ ಅರಳಿ ಸಸಿಯಂತೆ ಅದು ಸುತ್ತಲಿನದನ್ನು ಒತ್ತುತ್ತದೆ. ಬಿರುಕು ಅದೇ ಜಾಡು ಹಿಡಿದು ಸಾಗುತ್ತದೆ. ಬೀಟಾ ಎಂಬ ಇನ್ನೊಂದು ರಚನೆ ಹೆಚ್ಚು ಹೈಡ್ರೋಜನ್ನನ್ನು ಅರಗಿಸಿಕೊಳ್ಳಬಲ್ಲದು. ಆದರೆ ಎರಡೂ ಬೆರೆತ ಮಿಶ್ರಲೋಹಗಳು ಸಹ ದೀರ್ಘಕಾಲದ ಹೊರೆಯಡಿ ತಡವಾಗಿ, ಮುನ್ಸೂಚನೆಯಿಲ್ಲದೆ ಒಡೆಯಬಹುದು.

ಆದ್ದರಿಂದಲೇ ಶೇ. 6 ಅಲ್ಯೂಮಿನಿಯಂ, ಶೇ. 4 ವೆನೇಡಿಯಂ ಬೆರೆತ ಪ್ರಸಿದ್ಧ ಮಿಶ್ರಲೋಹದಲ್ಲಿ ಹೈಡ್ರೋಜನ್ ಶೇ. 0.015ನ್ನು ಮೀರಕೂಡದೆಂಬ ನಿಯಮವಿದೆ. ಅಂದರೆ ಒಂದು ಟನ್ನಿಗೆ 150 ಗ್ರಾಂ. ಈ ಅತಿಥಿ ಒಳನುಗ್ಗುವುದು ಆಮ್ಲದ ತೊಳೆತದಲ್ಲಿ, ಕುಲುಮೆಯ ಅನಿಲದಲ್ಲಿ, ಬೆಸುಗೆಯ ತೇವದಲ್ಲಿ. ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಸುಮಾರು ಹತ್ತು ಪಾಲು ನೈಟ್ರಿಕ್ ಆಮ್ಲ ಬೆರೆಸಿದರೆ ನುಸುಳುವಿಕೆ ತಗ್ಗುತ್ತದೆ. ಒಳಸೇರಿದ್ದನ್ನು ನಿರ್ವಾತದಲ್ಲಿ ಕಾಸಿ ಹೊರಹಾಕಬಹುದು. ಈ ದೋಷದಿಂದಲೂ ಉಪಯೋಗವುಂಟು: ಬೇಕೆಂದೇ ಹೈಡ್ರೋಜನ್ ಉಣಿಸಿ, ಪೆಡಸಾದ ಲೋಹವನ್ನು ಪುಡಿಮಾಡಿ, ಬಳಿಕ ಹೈಡ್ರೋಜನ್ ತೆಗೆದು ಟೈಟಾನಿಯಂ ಪುಡಿಯನ್ನು ಪಡೆಯುತ್ತಾರೆ.

ನಮ್ಮ ದೇಶದಲ್ಲಿ ಈ ವಿದ್ಯೆ ಬೆಳೆದ ಕಥೆಗೆ ಮೈಸೂರಿನ ನಂಟಿದೆ. ಮೈಸೂರು ಸಂಸ್ಥಾನವಿತ್ತ ನೆಲದಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಲೋಹವಿಜ್ಞಾನ ವಿಭಾಗಕ್ಕೆ 1951ರಲ್ಲಿ ಬ್ರಹ್ಮ ಪ್ರಕಾಶರು ಮೊದಲ ಭಾರತೀಯ ಮುಖ್ಯಸ್ಥರಾದರು. ಮುಂದೆ 1972ರಲ್ಲಿ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಮೊದಲ ನಿರ್ದೇಶಕರೂ ಅವರೇ. 1993ರಲ್ಲಿ ಮೊದಲು ಹಾರಿದ ಪಿ.ಎಸ್.ಎಲ್.ವಿ.ಯ ನಾಲ್ಕನೇ ಹಂತದ ತೊಟ್ಟಿಗಳು ಟೈಟಾನಿಯಂ ಮಿಶ್ರಲೋಹದವು.

ರಾಕೆಟ್ ಏರುವಾಗ ನಾವು ನೋಡುವುದು ಬೆಂಕಿಯನ್ನು. ಆ ತೊಟ್ಟಿ ಒತ್ತಡವನ್ನು ತಾಳುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತಿಂಗಳುಗಳ ಹಿಂದೆಯೇ, ಆಮ್ಲದ ಪ್ರಮಾಣವನ್ನು ಅಳೆದವನ ಶ್ರದ್ಧೆಯಲ್ಲಿ ನಿರ್ಧಾರವಾಗಿರುತ್ತದೆ.